ಓದುಗರ ಪ್ರಶ್ನೆ, ನಮ್ಮ ಉತ್ತರ: ಬುಕ್‌ಚೊನ್ ಗಲ್ಲಿಗಳಲ್ಲಿ ಗೈಡ್ ಇಲ್ಲದೆ ಒಂದು ದಿನ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ಎರಡು ಅರಮನೆಗಳ ನಡುವೆ ಬುಕ್‌ಚೊನ್ ಎಂಬ ಹೆಂಚಿನ ಮನೆಗಳ ಕೇರಿ ಇದೆ. ಅದರ ಕೆಳಗೆ ಇನ್ಸಾದೊಂಗ್ ಪೇಟೆ. ಎರಡನ್ನೂ ಸೇರಿಸಿ ಒಂದೇ ದಿನದಲ್ಲಿ ತಾವೇ ನಡೆದು ನೋಡಬಹುದೆಂದು ಕಳೆದ ಸಂಚಿಕೆಯಲ್ಲಿ ಚುಟುಕಾಗಿ ಬರೆದಿದ್ದೆವು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ನಾವಿಬ್ಬರೂ ಅರವತ್ತು ದಾಟಿದವರು, ನಮ್ಮ ಮನೆಯವರಿಗೆ ಮೊಣಕಾಲು ಗಂಟು ನೋವು. ಅವಳಿಗೆ ರಜೆ ಇಲ್ಲದ ದಿನ ನಾವೇ ಹೋಗಬೇಕು. ಎಲ್ಲಿ ಶುರು ಮಾಡಿ ಎಲ್ಲಿ ಮುಗಿಸುವುದು?
*ಓದುಗರೊಬ್ಬರು, ಶಿರಸಿ*

ಮೊದಲು ವಾರ ನೋಡಿಕೊಳ್ಳಿ. ಸೋಮವಾರ ಚಾಂಗ್‌ದೊಕ್‌ಗುಂಗ್ ಅರಮನೆಗೆ ರಜೆ, ಕರಕುಶಲ ಕಲೆಗಳ ಮ್ಯೂಸಿಯಮ್ಮಿಗೂ ರಜೆ. ಮಂಗಳವಾರ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಬಾಗಿಲು ತೆರೆಯುವುದಿಲ್ಲ. ಶನಿವಾರ, ಭಾನುವಾರ ಗಲ್ಲಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದದ್ದು ಬುಧವಾರದಿಂದ ಶುಕ್ರವಾರ. ತಿಂಗಳ ಕೊನೆಯ ಬುಧವಾರ ಅರಮನೆಗಳಿಗೆ ಪುಕ್ಕಟೆ ಪ್ರವೇಶ, ಆದರೆ ಅಂದು ಜನವೂ ಹೆಚ್ಚು.

ಮೆಟ್ರೊದ 3ನೇ ಲೈನಿನ ಅನ್‌ಗುಕ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿ ದಾರಿ ಕೇಳುವಾಗಲೂ ಹೇಳುವಾಗಲೂ ಹೊರಬಾಗಿಲಿನ ನಂಬರೇ ಗುರುತು. ತಪ್ಪು ಬಾಗಿಲಿನಿಂದ ಹೊರಬಿದ್ದರೆ ಅಗಲವಾದ ರಸ್ತೆಯ ಆಚೆ ಬದಿಗೆ ಬಂದಿರುತ್ತೀರಿ, ಮತ್ತೆ ಮೆಟ್ಟಿಲು ಇಳಿದು ಹತ್ತಬೇಕು. ಗಂಟು ನೋವಿದ್ದವರಿಗೆ ದಿನದ ಮೊದಲ ತೊಂದರೆ ಇದೇ. ಚಾಂಗ್‌ದೊಕ್‌ಗುಂಗ್ ಅರಮನೆಗೆ 3ನೇ ಬಾಗಿಲು, ಬುಕ್‌ಚೊನ್‌ಗೆ 2, ಇನ್ಸಾದೊಂಗ್‌ಗೆ 6. ಇಷ್ಟನ್ನು ಬರೆದಿಟ್ಟುಕೊಂಡರೆ ಸಾಕು.

ಬೆಳಿಗ್ಗೆ 9ಕ್ಕೆ ಚಾಂಗ್‌ದೊಕ್‌ಗುಂಗ್ ತೆರೆಯುತ್ತದೆ. ಟಿಕೆಟು ಈವರೆಗೆ 3,000 ವನ್; 1,000 ವನ್ ಎಂದರೆ ನಮ್ಮ 60 ರೂಪಾಯಿಯ ಆಸುಪಾಸು. ಈ ಅರಮನೆ 1405ರದ್ದು, 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮುಂಭಾಗದ ಅಂಗಳಗಳು ಹೆಚ್ಚುಕಡಿಮೆ ಸಮತಟ್ಟು, ಒಂದೂಕಾಲು ಗಂಟೆ ಹಿಡಿಯುತ್ತದೆ. ಹಿಂದಿನ ರಾಜೋದ್ಯಾನಕ್ಕೆ ಬೇರೆಯೇ 5,000 ವನ್ ಟಿಕೆಟು, ನಿಗದಿತ ಸಮಯಕ್ಕೇ ಹೋಗಬೇಕು. ಆನ್‌ಲೈನ್ ಬುಕಿಂಗ್ 6 ದಿನ ಮೊದಲು ಅಲ್ಲಿನ ಬೆಳಿಗ್ಗೆ 10ಕ್ಕೆ, ಅಂದರೆ ನಮ್ಮ ಬೆಳಿಗ್ಗೆ 6.30ಕ್ಕೆ ತೆರೆಯುತ್ತದೆ. ವಸಂತದಲ್ಲಿ, ಎಲೆ ಕೆಂಪಾಗುವ ಕಾಲದಲ್ಲಿ ಬೇಗ ಮುಗಿದುಹೋಗುತ್ತದೆ. ಉದ್ಯಾನ ಚೆಂದವೇ, ಆದರೆ ಏರುತಗ್ಗು ಜಾಸ್ತಿ. ನಿಮ್ಮ ಮನೆಯವರಿಗೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಅರಮನೆ ಮುಗಿಸಿ ಅನ್‌ಗುಕ್‌ಗೆ ಮರಳಿ, 2ನೇ ಬಾಗಿಲಿನ ಬಳಿ ಜೊಂಗ್‌ನೊ 02 ನಂಬರಿನ ಹಸಿರು ಮಿನಿ ಬಸ್ಸು ಹತ್ತಿ. ಎಲ್ಲರೂ ಕೆಳಗಿನಿಂದ ಹತ್ತುತ್ತಾ ಹೋಗಿ ಅರ್ಧದಲ್ಲೇ ಸುಸ್ತಾಗುತ್ತಾರೆ. ಬಸ್ಸು ಮುಖ್ಯ ರಸ್ತೆಯ ಏರನ್ನು ತಾನೇ ಹತ್ತಿಸಿಬಿಡುತ್ತದೆ. ದೊನ್ಮಿ ಎಂಬ ಔಷಧ ಅಂಗಡಿಯ ಹೆಸರಿನ ಸ್ಟಾಪಿನಲ್ಲಿ ಇಳಿದರೆ ಫೋಟೊಗಳಲ್ಲಿ ಕಾಣುವ ಗಾಹ್ವೆದೊಂಗ್ 31ರ ಗಲ್ಲಿ ಪಕ್ಕದಲ್ಲೇ. ಆ ಗಲ್ಲಿಯೂ ಏರೇ, ಆದರೆ ಗಿಡ್ಡ. ಎರಡು ಕಡೆ ನಿಂತು ಹತ್ತಿದರೆ ಕಷ್ಟವಿಲ್ಲ. ತುದಿಗೆ ಹೋಗಿ ಹಿಂದಿರುಗಿ ನೋಡಿದಾಗ ಎರಡೂ ಬದಿಯ ಹೆಂಚಿನ ಸಾಲುಗಳ ನಡುವೆ ಕೆಳಗಿನ ನಗರ ಕಾಣುತ್ತದೆ. ಬುಕ್‌ಚೊನ್‌ನ ಎಂಟು ನೋಟಗಳೆಂದು ಅವರು ಪಟ್ಟಿ ಮಾಡಿದ್ದರಲ್ಲಿ ಈ ಗಲ್ಲಿಯ ಮೇಲ್ಮುಖ ನೋಟ ಐದನೆಯದು, ಕೆಳಮುಖ ನೋಟ ಆರನೆಯದು.

ಅಲ್ಲಿಂದ ಪಶ್ಚಿಮಕ್ಕೆ ಸಾಮ್‌ಚೊಂಗ್‌ದೊಂಗ್ ಕಡೆ ಇಳಿಯುವ ಕಲ್ಲಿನ ಮೆಟ್ಟಿಲೇ ಎಂಟನೆಯ ನೋಟ. ಗಂಟು ನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಹಿಂಸೆ ಅಲ್ಲವೇ? ಹಾಗಿದ್ದರೆ ಮೆಟ್ಟಿಲಿನ ಆಸೆ ಬಿಟ್ಟು ಬಂದ ಗಲ್ಲಿಯಲ್ಲೇ ಮರಳಿ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಮುಂದಿನ ತಂಗುದಾಣ ಜೊಂಗ್‌ದೊಕ್ ಗ್ರಂಥಾಲಯ. ಅಲ್ಲಿ ಮರದ ನೆರಳು, ಬೆಂಚು, ಸ್ವಚ್ಛ ಶೌಚಾಲಯ ಎಲ್ಲ ಇದೆ. ಗಲ್ಲಿಗಳ ಒಳಗೆ ಶೌಚಾಲಯ ತೀರಾ ಕಡಿಮೆ, ಇದನ್ನು ತಪ್ಪಿಸಬೇಡಿ.

ಊಟದ ನಂತರ ಇಳಿಜಾರೇ. ಅನ್‌ಗುಕ್ ಬಳಿಯ ಕರಕುಶಲ ಕಲೆಗಳ ಮ್ಯೂಸಿಯಂ 2021ರಲ್ಲಿ ತೆರೆದದ್ದು, ಪ್ರವೇಶ ಪುಕ್ಕಟೆ, ಎಸಿ ಇದೆ, ಕೂರಲು ಜಾಗವಿದೆ. ರಸ್ತೆ ದಾಟಿದರೆ ಇನ್ಸಾದೊಂಗ್ ಬೀದಿ, ಸುಮಾರು 700 ಮೀಟರ್. ತುದಿಯಲ್ಲಿ ತಾಪ್‌ಗೊಲ್ ಪಾರ್ಕ್: 1919ರ ಮಾರ್ಚ್ 1ರಂದು ಜಪಾನ್ ಆಳ್ವಿಕೆಯ ವಿರುದ್ಧ ಸ್ವಾತಂತ್ರ್ಯ ಘೋಷಣೆ ಓದಿದ ಜಾಗ. ಅಲ್ಲಿ ಗಾಜಿನ ಕೋಣೆಯೊಳಗೆ ಹತ್ತು ಅಂತಸ್ತಿನ ಅಮೃತಶಿಲೆಯ ಪಗೋಡ ಇದೆ, 15ನೇ ಶತಮಾನದ್ದು. ಇನ್ನೂ ಕಾಲಿದ್ದರೆ ಪೂರ್ವಕ್ಕೆ ಇಕ್‌ಸೊನ್‌ದೊಂಗ್‌ನ ಇಕ್ಕಟ್ಟು ಗಲ್ಲಿಗಳು. ಇಲ್ಲವಾದರೆ ಹತ್ತಿರದ ಜೊಂಗ್‌ನೊ 3-ಗಾ ಸ್ಟೇಷನ್ನಿನಿಂದ ಮನೆಗೆ. ಇಡೀ ದಾರಿ 4 ಕಿ.ಮೀ. ಹತ್ತಿರ, ಗಲ್ಲಿ ಸುತ್ತಿದರೆ 5-6 ಆಗುತ್ತದೆ.

ರೀಲ್ಸ್ ಮಾಡಲು ಬೆಳಗಿನ ಬೆಳಕು ಒಳ್ಳೆಯದು ಅಂತ ಏಳು ಗಂಟೆಗೇ ಹೋಗಬೇಕೆಂದಿದ್ದೇನೆ. ದಂಡ ಹಾಕುತ್ತಾರೆ ಅಂತ ಯಾರೋ ಹೇಳಿದರು, ನಿಜವೇ?
*ಕಾಲೇಜು ವಿದ್ಯಾರ್ಥಿ, ಅಂಕೋಲಾ*

ನಿಜ. 2024ರ ಜುಲೈಯಲ್ಲಿ ಬುಕ್‌ಚೊನ್ ಅನ್ನು ವಿಶೇಷ ನಿರ್ವಹಣಾ ಪ್ರದೇಶವೆಂದು ಘೋಷಿಸಿ ಬಣ್ಣಗಳಲ್ಲಿ ಭಾಗ ಮಾಡಿದರು. ಗಾಹ್ವೆದೊಂಗ್ ಗಲ್ಲಿ ಇರುವ ಬುಕ್‌ಚೊನ್-ರೊ 11-ಗಿಲ್ ಎಂಬ ಬೀದಿಯ ಸುತ್ತಲಿನದು ಕೆಂಪು ವಲಯ. ಅಲ್ಲಿ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಅವಕಾಶ. 2025ರ ಮಾರ್ಚ್‌ನಿಂದ ಮೀರಿದವರಿಗೆ 1 ಲಕ್ಷ ವನ್ ದಂಡ. ಅಲ್ಲಿ ವಾಸವಿರುವವರಿಗೆ, ಆ ಗಲ್ಲಿಯ ವಸತಿಗೃಹಗಳಲ್ಲಿ ಉಳಿದವರಿಗೆ ಇದು ತಾಗುವುದಿಲ್ಲ.

ಕಾರಣ ಸರಳ: ಅದು ಜನ ಇರುವ ಕೇರಿ. ಬಾಗಿಲ ಮೆಟ್ಟಿಲ ಮೇಲೆ ಕೂತು ಫೋಟೊ, ಗೋಡೆ ಮೇಲಿಂದ ಮೊಬೈಲ್ ಎತ್ತಿ ಒಳಂಗಳದ ವಿಡಿಯೊ, ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಗಾಲಿಯ ಗಡಗಡ, ಇವೆಲ್ಲ ಸಾಕಾಗಿ ಎಷ್ಟೋ ಮನೆಯವರು ಬಿಟ್ಟು ಹೋದರು. ಸದ್ದು ಮಾಡಬೇಡಿ ಎಂಬ ಫಲಕ ಹಿಡಿದು ನಿಂತವರು ಗಲ್ಲಿಯಲ್ಲೇ ಸಿಗುತ್ತಾರೆ. ಹಾಡು ಹಾಕಿ ಕುಣಿಯುವ ರೀಲ್ಸ್ ಅಲ್ಲಿ ಆಗುವುದಿಲ್ಲ. ಡ್ರೋನ್ ಮಾತಂತೂ ಬೇಡವೇ ಬೇಡ, ಅನುಮತಿಯಿಲ್ಲದೆ ಸಿಯೋಲ್‌ನ ಆ ಭಾಗದಲ್ಲಿ ಹಾರಿಸುವಂತಿಲ್ಲ. ಬೆಳಗಿನ ಬೆಳಕೇ ಬೇಕಿದ್ದರೆ ಏಳು ಗಂಟೆಗೆ ಗ್ವಾಂಗ್‌ಹ್ವಾಮುನ್ ಚೌಕಕ್ಕೆ ಹೋಗಿ. ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಹೆಬ್ಬಾಗಿಲು, ಅದರ ಹಿಂದಿನ ಬೆಟ್ಟ, ಎರಡೂ ಸಿಗುತ್ತವೆ. ಗಾಹ್ವೆದೊಂಗ್‌ಗೆ 10ಕ್ಕೆ ಸರಿಯಾಗಿ ಹೋದರೆ ಬಸ್ಸಿನ ಗುಂಪುಗಳು ಬರುವ ಮೊದಲು ಸ್ವಲ್ಪ ಹೊತ್ತು ಸಿಗುತ್ತದೆ.

ಧಾರಾವಾಹಿಗಳಲ್ಲಿ ನೋಡಿದ ಆ ಮನೆಗಳು ಆರುನೂರು ವರ್ಷ ಹಳೆಯವಂತೆ. ಒಳಗೆ ಬಿಡುತ್ತಾರಾ? ನಮ್ಮ ಅಜ್ಜನ ಮನೆಯಂತೆಯೇ ಅಂಗಳ, ಹೆಂಚು ಕಂಡು ಆಶ್ಚರ್ಯವಾಯಿತು.
*ಓದುಗರೊಬ್ಬರು, ಕಾರವಾರ*

ಕೇರಿ ಹಳೆಯದು, ಮನೆಗಳು ಅಷ್ಟು ಹಳೆಯವಲ್ಲ. ರಾಜರ ಕಾಲದಲ್ಲಿ ಅಲ್ಲಿ ಅಧಿಕಾರಿಗಳ ದೊಡ್ಡ ದೊಡ್ಡ ಹಿತ್ತಲುಗಳಿದ್ದವು. ಈಗ ನಾವು ನೋಡುವ ಸಾಲುಮನೆಗಳಲ್ಲಿ ಹೆಚ್ಚಿನವು 1930ರ ದಶಕದ ಆಚೀಚೆಯವು. ಜಪಾನಿಯರು ನಗರದ ಉತ್ತರಕ್ಕೂ ಹಬ್ಬತೊಡಗಿದಾಗ ಜೊಂಗ್ ಸೆ-ಗ್ವೊನ್ ಎಂಬ ಕಟ್ಟಡ ಉದ್ಯಮಿ ಆ ದೊಡ್ಡ ಜಾಗಗಳನ್ನು ಕೊಂಡು, ಚಿಕ್ಕ ಚಿಕ್ಕ ಪ್ಲಾಟು ಮಾಡಿ, ಕೊರಿಯನ್ನರಿಗೆ ಕೈಗೆಟುಕುವ ಹಾನೊಕ್, ಅಂದರೆ ಅಲ್ಲಿನ ಸಾಂಪ್ರದಾಯಿಕ ಶೈಲಿಯ ಮನೆಗಳನ್ನು ಕಟ್ಟಿಸಿದ. ಇಕ್‌ಸೊನ್‌ದೊಂಗ್ ಗಲ್ಲಿಗಳ ಹಿಂದೆಯೂ ಅವನದೇ ಕೈ.

ಇದು ತಿಳಿದಿದ್ದರೆ ಹೊರಗೆ ನಿಂತೇ ಬಹಳಷ್ಟು ಓದಬಹುದು. ಸೂರಿನ ಅಂಚು ನೋಡಿ: ತಗಡಿನ ದೋಣಿ ಹಾಕಿರುತ್ತಾರೆ. ಪ್ಲಾಟು ಚಿಕ್ಕದಾದ್ದರಿಂದ ನೀರು ನೆರೆಮನೆಗೆ ಬೀಳದಿರಲಿ ಎಂದು. ಹಳೆಯ ದೊಡ್ಡ ಮನೆಗಳಿಗೆ ಇದರ ಅಗತ್ಯವಿರಲಿಲ್ಲ. ಬೀದಿಗೆ ಮುಖ ಮಾಡಿದ ಗೋಡೆಯಲ್ಲಿ ಕೆಳಗೆ ಚೌಕ ಕಲ್ಲಿನ ವರಸೆ, ಮೇಲೆ ಇಟ್ಟಿಗೆ. ಬೆಂಕಿ ಹಬ್ಬದಂತೆ ಕಟ್ಟಿದ್ದು. ಹೆಂಚು ಎರಡು ಥರ: ಅಂಗೈಯಷ್ಟು ಬಾಗಿದ ಅಗಲದವನ್ನು ಅಂಗಾತ ಹಾಸಿ, ಅವುಗಳ ಸಂದಿಗೆ ಅರ್ಧ ಕೊಳವೆಯಂಥದನ್ನು ಬೋರಲು ಹಾಕುತ್ತಾರೆ. ನಮ್ಮ ಹಳೆಯ ನಾಡಹೆಂಚಿನ ಮಾಡಿಗೆ ಇದು ಹತ್ತಿರ, ಮಂಗಳೂರು ಹೆಂಚಿಗಲ್ಲ. ದೊಡ್ಡ ವ್ಯತ್ಯಾಸ ನೆಲದ್ದು. ನಮ್ಮಲ್ಲಿ ಮಳೆ, ಸೆಕೆ ತಡೆಯುವ ಚಿಂತೆ, ಅಲ್ಲಿ ಚಳಿಯದು. ಒಲೆಯ ಹೊಗೆ ಮತ್ತು ಬಿಸಿ ನೆಲದ ಕಲ್ಲುಚಪ್ಪಡಿಗಳ ಕೆಳಗಿನ ಕಾಲುವೆಗಳಲ್ಲಿ ಹರಿದು ಆಚೆ ಬದಿಯ ಚಿಮಣಿಯಿಂದ ಹೊರಹೋಗುತ್ತಿತ್ತು. ಈ ಒಂದೊಲ್ ನೆಲದ ಮೇಲೆಯೇ ಕೂರುವುದು, ಮಲಗುವುದು. ಈಗ ಬಿಸಿನೀರಿನ ಪೈಪು ಹಾಕುತ್ತಾರೆ. ಬೇಸಿಗೆಗೆ ಬೇರೆಯೇ ಮರದ ಹಲಗೆಯ ಪಡಸಾಲೆ, ಕೆಳಗೆ ಗಾಳಿ ಆಡುವಂತೆ ಎತ್ತರಿಸಿ ಕಟ್ಟಿದ್ದು.

ಖಾಸಗಿ ಮನೆಗಳಿಗೆ ಬಿಡುವುದಿಲ್ಲ. ಅರ್ಧ ತೆರೆದ ಬಾಗಿಲು ಆಹ್ವಾನವಲ್ಲ. ಒಳಗೆ ನೋಡಬೇಕಾದರೆ ಗ್ಯೆದೊಂಗ್ ಬೀದಿಯ ಬುಕ್‌ಚೊನ್ ಸಂಸ್ಕೃತಿ ಕೇಂದ್ರ ಇದೆ, ನಕ್ಷೆಯೂ ಸಿಗುತ್ತದೆ. ಅದಕ್ಕಿಂತ ಚೆಂದದ್ದು 1913ರ ಬೆಕ್ ಇನ್-ಜೆ ಮನೆ. ನಗರಾಡಳಿತದ ವಶದಲ್ಲಿದೆ, ಪುಕ್ಕಟೆ, ಸೋಮವಾರ ರಜೆ. ಕೊರಿಯನ್ ಮನೆಯೊಳಗೆ ಜಪಾನಿ ಶೈಲಿಯ ಕಾರಿಡಾರು, ಗಾಜಿನ ಕಿಟಕಿ ಹೇಗೆ ಸೇರಿಕೊಂಡವು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಎರಡನ್ನೂ ಬಿಟ್ಟು ಬರೀ ಗಲ್ಲಿಯಲ್ಲಿ ಫೋಟೊ ತೆಗೆದು ಬರುವವರೇ ಜಾಸ್ತಿ.

ನಾವು ಶುದ್ಧ ಸಸ್ಯಾಹಾರಿಗಳು. ನಮ್ಮ ಆಯಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಉಪವಾಸ ಬೀಳಬೇಕಾ?
*ಓದುಗರು, ಸಿದ್ದಾಪುರ*

ಬೀಳಬೇಕಾಗಿಲ್ಲ, ಆದರೆ ನಂಬಿಕೆಯ ಮೇಲೆ ತಿನ್ನುವ ಊರೂ ಅಲ್ಲ. ಮಾಂಸ ಬೇಡ ಎಂದರೆ ಅಲ್ಲಿನ ಅಡುಗೆಯವರು ಕಣ್ಣಿಗೆ ಕಾಣುವ ತುಂಡುಗಳನ್ನು ತೆಗೆಯುತ್ತಾರೆ. ಸಾರಿನ ತಿಳಿ ಒಣಮೀನಿನದು, ಕಿಮ್ಚಿ ಎಂಬ ತರಕಾರಿ ಉಪ್ಪಿನಕಾಯಿಯಲ್ಲಿ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ರಸ, ಇವನ್ನು ಅವರು ಮಾಂಸವೆಂದು ಎಣಿಸುವುದೇ ಇಲ್ಲ. ಮೋಸವಲ್ಲ, ರೂಢಿ. ಆದ್ದರಿಂದ ಏನೇನು ಬೇಡ ಎಂಬುದನ್ನು ಒಂದೊಂದಾಗಿ ಹೆಸರಿಸಬೇಕು: ಮಾಂಸ, ಮೀನು, ಮೀನಿನ ರಸ, ಸಿಗಡಿ, ಮೊಟ್ಟೆ. ಪಾಪಾಗೊ ಎಂಬ ಅನುವಾದದ ಆ್ಯಪ್‌ನಲ್ಲಿ ಕೊರಿಯನ್‌ಗೆ ಮಾಡಿಸಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ತೋರಿಸಿ. ಬಾಯಿಮಾತಿಗಿಂತ ಅದೇ ಭದ್ರ.

ನಿಮ್ಮ ಆಯಿಗೆ ಸರಿಹೊಂದುವುದು ಬೌದ್ಧ ಮಠದ ಊಟ. ಅದರಲ್ಲಿ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಜಾತಿಯ ಐದು ಘಾಟಿನ ಸೊಪ್ಪುಗಡ್ಡೆಗಳೂ ನಿಷಿದ್ಧ. ಇನ್ಸಾದೊಂಗ್ ಪಕ್ಕದ ಜೊಗ್ಯೆಸಾ ಮಂದಿರದ ಎದುರಿಗೆ, ಆ ಮಂದಿರದ ಬೌದ್ಧ ಪಂಥದವರೇ ನಡೆಸುವ ಬಲ್‌ವೂ ಗೊಂಗ್ಯಾಂಗ್ ಎಂಬ ಹೋಟೆಲು ಇದೆ. ಮೊದಲೇ ಬುಕ್ ಮಾಡಬೇಕು, ಒಂದರ ಹಿಂದೆ ಒಂದು ಬಡಿಸುವ ಊಟ, ಬೆಲೆ ಸಾಧಾರಣ ಹೋಟೆಲಿಗಿಂತ ಹೆಚ್ಚು. ಒಂದು ಹೊತ್ತಿಗೆ ಖರ್ಚು ಮಾಡಿ, ತಪ್ಪಿಲ್ಲ.

ಉಳಿದಂತೆ ಬಿಬಿಂಬಾಪ್, ಅಂದರೆ ಅನ್ನದ ಮೇಲೆ ಬಗೆಬಗೆಯ ಸೊಪ್ಪು ತರಕಾರಿ. ಮಾಂಸ, ಮೊಟ್ಟೆ ತೆಗೆಸಿದರೂ ತರಕಾರಿಗೆ ಬೆಳ್ಳುಳ್ಳಿ ಇದ್ದೇ ಇರುತ್ತದೆ, ಆಯಿಗೆ ಆಗದು. ಜೊತೆಗೆ ಕೊಡುವ ಸಾರು ಮುಟ್ಟಬೇಡಿ. ಗಿಂಬಾಪ್ ಎಂಬ ಅನ್ನದ ಸುರುಳಿಯಲ್ಲಿ ಹ್ಯಾಮ್, ಮೊಟ್ಟೆ ಸಾಮಾನ್ಯ. ಅಕ್ಕಿಯ ತ್ತೊಕ್ ಸಿಹಿಗಳಲ್ಲಿ ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸಿದ ಇನ್‌ಜೊಲ್ಮಿ ನಿಶ್ಚಿಂತೆಯಿಂದ ತಿನ್ನಬಹುದು. ಹೊತ್ತೊಕ್ ಎಂಬುದು ಬೆಲ್ಲದ ಬಣ್ಣದ ಸಕ್ಕರೆ, ದಾಲ್ಚಿನ್ನಿ, ಶೇಂಗಾ ತುಂಬಿ ಎಣ್ಣೆಯಲ್ಲಿ ಒತ್ತಿ ಬೇಯಿಸಿದ ರೊಟ್ಟಿ. ಒಳಗಿನ ಪಾಕ ನಾಲಿಗೆ ಸುಡುತ್ತದೆ, ಒಂದು ನಿಮಿಷ ಬಿಟ್ಟು ಕಚ್ಚಿ. ಮೀನಿನ ಆಕಾರದ ಬುಂಗೊಪ್ಪಾಂಗ್ ನೋಡಿ ಹೌಹಾರಬೇಡಿ, ಒಳಗಿರುವುದು ಕೆಂಪು ಕಾಳಿನ ಹೂರಣ. ಹಿಟ್ಟಿಗೆ ಮೊಟ್ಟೆ ಸೇರಿಸಿದ್ದಾರಾ ಎಂದು ಮಾತ್ರ ಕೇಳಿ.

ಊರಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಯಾವ ಮೂಲೆಯ ಕನ್ವೀನಿಯೆನ್ಸ್ ಸ್ಟೋರ್‌ನಲ್ಲೂ ಬೇಯಿಸಿ ಪ್ಯಾಕ್ ಮಾಡಿದ ಬರೀ ಅನ್ನ ಸಿಗುತ್ತದೆ, ಅಲ್ಲೇ ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿಕೊಳ್ಳಬಹುದು. ಹಸಿ ಹಣ್ಣು, ಬೀಜ, ಗಿಡ ಮಾತ್ರ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ, ಮಗಳಿಗೆಂದು ಮಾವಿನಹಣ್ಣು ಕಟ್ಟಬೇಡಿ.

ಭಟ್ಕಳದಿಂದ ಹಲಾಲ್ ಊಟದ ಬಗ್ಗೆ ಕೇಳಿದವರಿಗೆ: ಈ ನಡಿಗೆಯ ದಾರಿಯಲ್ಲಿ ಅದನ್ನು ಹುಡುಕುತ್ತಾ ಹೊತ್ತು ಕಳೆಯುವುದಕ್ಕಿಂತ ರಾತ್ರಿಯ ಊಟ ಇತೆವೊನ್‌ನಲ್ಲಿ ಇಟ್ಟುಕೊಳ್ಳಿ. ಸಿಯೋಲ್‌ನ ದೊಡ್ಡ ಮಸೀದಿ ಅಲ್ಲಿಯೇ, ಸುತ್ತ ಹಲಾಲ್ ಹೋಟೆಲುಗಳಿವೆ. ಅನ್‌ಗುಕ್‌ನಿಂದ 3ನೇ ಲೈನಿನಲ್ಲಿ ಯಾಕ್ಸು, ಅಲ್ಲಿ 6ನೇ ಲೈನಿಗೆ ಬದಲಿಸಿ ಇತೆವೊನ್.

ಕಾರವಾರದ ಮೀನುಪ್ರಿಯರಿಗೆ: ನಿಮಗೆ ಏನೂ ಹೇಳಬೇಕಾಗಿಲ್ಲ.

ಗೂಗಲ್ ಮ್ಯಾಪ್ ಇದ್ದರೆ ಸಾಕಲ್ಲವೇ? ಮೆಟ್ರೊಗೆ ಫೋನ್‌ಪೇ ನಡೆಯುತ್ತಾ?
*ಓದುಗರೊಬ್ಬರು, ಕುಮಟಾ*

ಎರಡನ್ನೂ ನಂಬಿ ಹೊರಡಬೇಡಿ. ನಿಖರ ನಕ್ಷೆಯ ಮಾಹಿತಿ ದೇಶದ ಹೊರಗೆ ಹೋಗಲು ಅಲ್ಲಿನ ಸರ್ಕಾರ ಬಹುಕಾಲ ಒಪ್ಪಿರಲಿಲ್ಲ. ಹಾಗಾಗಿ ಗೂಗಲ್‌ನಲ್ಲಿ ಜಾಗ ಕಂಡರೂ ನಡೆಯುವ ದಾರಿ ಕೈಕೊಡುತ್ತದೆ. ಅಲ್ಲಿನವರದೇ ಆದ ನೇವರ್ ಮ್ಯಾಪ್ ಆ್ಯಪ್ ಹಾಕಿಕೊಳ್ಳಿ, ಇಂಗ್ಲಿಷಿನಲ್ಲಿಯೂ ಇದೆ. ಹೋಗುವ ಮೊದಲು ಮನೆಯಲ್ಲೇ ಕೂತು ಜಾಗಗಳನ್ನು ಗುರುತು ಹಾಕಿಡಿ. ಇಂಗ್ಲಿಷ್ ಸ್ಪೆಲಿಂಗ್ ಒಂದಕ್ಷರ ಬದಲಾದರೂ ಹುಡುಕಾಟದಲ್ಲಿ ಸಿಗದೇ ಹೋಗುತ್ತದೆ.

ಮೆಟ್ರೊ, ಬಸ್ಸು ಎರಡಕ್ಕೂ ಟಿ-ಮನಿ ಕಾರ್ಡು. ಕನ್ವೀನಿಯೆನ್ಸ್ ಸ್ಟೋರ್‌ನಲ್ಲಿ ಕೊಂಡು, ವನ್ ನೋಟು ಕೊಟ್ಟು ತುಂಬಿಸುವುದು. ಸ್ಟೇಷನ್ನಿನ ಮಷಿನ್ನಿಗೂ ನೋಟೇ ಬೇಕಾಗುವುದು ಹೆಚ್ಚು, ನಮ್ಮ ಬ್ಯಾಂಕ್ ಕಾರ್ಡ್ ನಂಬಿ ಖಾಲಿ ಕೈಲಿ ನಿಲ್ಲಬೇಡಿ. 2025ರ ಜೂನ್‌ನಿಂದ ಮೆಟ್ರೊದ ಕನಿಷ್ಠ ದರ 1,550 ವನ್. ಬಸ್ಸಿನಿಂದ ಇಳಿಯುವಾಗಲೂ ಕಾರ್ಡು ಮುಟ್ಟಿಸಬೇಕು. ಮರೆತರೆ ಮೆಟ್ರೊ-ಬಸ್ಸು ಬದಲಾಯಿಸುವಾಗ ಸಿಗುವ ರಿಯಾಯಿತಿ ಹೋಗುತ್ತದೆ. ಹಗಲಲ್ಲಿ 30 ನಿಮಿಷದೊಳಗೆ ಬದಲಿಸಿದರೆ ಮಾತ್ರ ಅದು.

ದಾರಿ ತಪ್ಪಿದರೆ 1330ಕ್ಕೆ ಫೋನ್ ಮಾಡಿ, ಇಂಗ್ಲಿಷಿನಲ್ಲಿ ಮಾತಾಡುವ ಪ್ರವಾಸಿ ಸಹಾಯವಾಣಿ, ಇಡೀ ದಿನ ಇರುತ್ತದೆ. ಬುಕ್‌ಚೊನ್, ಇನ್ಸಾದೊಂಗ್ ಬೀದಿಗಳಲ್ಲಿ ಕೆಂಪು ಅಂಗಿ ತೊಟ್ಟ ಮಾಹಿತಿದಾರರು ಓಡಾಡುತ್ತಿರುತ್ತಾರೆ, ಅವರನ್ನು ಕೇಳಲು ಸಂಕೋಚ ಬೇಡ.

ಅಲ್ಲಿನ ಉಡುಗೆ ಬಾಡಿಗೆಗೆ ಸಿಗುತ್ತದಂತೆ. ಸೀರೆ ಉಟ್ಟರೂ ಅರಮನೆಗೆ ಪುಕ್ಕಟೆ ಬಿಡುತ್ತಾರಾ?
*ಓದುಗರು, ಹೊನ್ನಾವರ*

ಸೀರೆಗೆ ಬಿಡುವುದಿಲ್ಲ, ಹಾನ್‌ಬೊಕ್ ಎಂಬ ಅಲ್ಲಿನ ಉಡುಗೆಗೆ ಮಾತ್ರ. ಅದೂ ಮೇಲಂಗಿ, ಕೆಳಗಿನ ಲಂಗ ಅಥವಾ ಪೈಜಾಮ ಎರಡೂ ಇರಬೇಕು. ಜೀನ್ಸ್ ಮೇಲೆ ಮೇಲಂಗಿ ಹಾಕಿದರೆ ಲೆಕ್ಕಕ್ಕಿಲ್ಲ. ಬಾಡಿಗೆ ಗಂಟೆಗಳ ಲೆಕ್ಕ. ಎರಡು ಗಂಟೆಯದು ತೆಗೆದುಕೊಂಡು, ಉಡುವುದಕ್ಕೆ, ಜಡೆ ಹಾಕಿಸಿಕೊಳ್ಳುವುದಕ್ಕೆ ಅರ್ಧ ಗಂಟೆ ಹೋಯಿತೆಂದು ಪರದಾಡುವವರು ಬಹಳ. ಹೊತ್ತು ಯಾವಾಗಿನಿಂದ ಎಣಿಸುತ್ತಾರೆ, ತಡವಾದರೆ ಎಷ್ಟು, ಕಲೆಯಾದರೆ ಎಷ್ಟು, ಈ ಮೂರನ್ನು ಮೊದಲೇ ಕೇಳಿ. ಅರಮನೆಯ ಸಮತಟ್ಟು ಅಂಗಳಕ್ಕೆ ಆ ಉಡುಗೆ ಸರಿ. ಗಾಹ್ವೆದೊಂಗ್ ಏರಿಗೆ ಹೋದರೆ ಲಂಗದ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಚಪ್ಪಲಿ ನಿಮ್ಮದೇ ಇರಲಿ.

ಇನ್ಸಾದೊಂಗ್‌ನಲ್ಲಿ ಏನು ಕೊಳ್ಳಬಹುದು?
*ಓದುಗರೊಬ್ಬರು, ಯಲ್ಲಾಪುರ*

ರಸ್ತೆಬದಿಯ ಬುಟ್ಟಿಗಳಲ್ಲಿನ ಬೀಸಣಿಗೆ, ಕೀಚೈನುಗಳ ಹಿಂದೆ ತಿರುಗಿಸಿ ನೋಡಿ, ಎಷ್ಟೋ ಚೀನಾದವು. ಅಡ್ಡಗಲ್ಲಿಗಳ ಕುಂಚ, ಹಾನ್‌ಜಿ ಕಾಗದದ ಅಂಗಡಿಗಳು ವಾಸಿ. ಹಾನ್‌ಜಿಯನ್ನು ಹಿಪ್ಪುನೇರಳೆ ಜಾತಿಯ ಮರದ ತೊಗಟೆಯಿಂದ ಮಾಡುತ್ತಾರೆ; ಬೆಳಕಿಗೆ ಹಿಡಿದರೆ ಉದ್ದ ನಾರು ಕಾಣಬೇಕು, ಹರಿದರೆ ಅಂಚು ತುಪ್ಪಳದಂತೆ ಬರಬೇಕು. ಹಾಳೆ ಸುತ್ತಿ ಕೊಳವೆಯಲ್ಲಿ ಹಾಕಿಸಿಕೊಳ್ಳಿ. ಕಲ್ಲಿನ ಮುದ್ರೆಯ ಮೇಲೆ ಹೆಸರು ಕೆತ್ತಿಸಿಕೊಳ್ಳುವವರು ನಡಿಗೆಯ ಆರಂಭದಲ್ಲೇ ಕೊಟ್ಟು ಕೊನೆಗೆ ಬಂದು ಒಯ್ಯಬಹುದು. ತೆರಿಗೆ ಮರುಪಾವತಿ ಇರುವ ಅಂಗಡಿಯಲ್ಲಿ 15,000 ವನ್ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಗೆ ಪಾಸ್‌ಪೋರ್ಟ್ ತೋರಿಸಿ ಕೇಳಿ.

ಬನವಾಸಿಗೂ ಇಂಥದೊಂದು ನಡಿಗೆಯ ನಕ್ಷೆ ಮಾಡಬಾರದೇಕೆ?
*ಓದುಗರೊಬ್ಬರು, ಶಿರಸಿ*

ಮಾಡಬಹುದು. ಮಧುಕೇಶ್ವರ ದೇವಸ್ಥಾನ, ರಥಬೀದಿ, ವರದಾ ನದಿಯ ದಂಡೆ, ಎಲ್ಲ ನಡೆಯುವ ದೂರದಲ್ಲೇ ಇವೆ. ಆದರೆ ಎಂಟು ನೋಟಗಳ ಪಟ್ಟಿಯಿಂದ ಶುರು ಮಾಡಬೇಡಿ. ಮೊದಲು ನಕ್ಷೆಯಲ್ಲಿ ಶೌಚಾಲಯ, ಕುಡಿಯುವ ನೀರು, ನೆರಳಲ್ಲಿ ಕೂರುವ ಜಾಗ, ಶಿರಸಿ ಬಸ್ಸಿನ ಕೊನೆಯ ಹೊತ್ತು ಹಾಕಿ. ನಂತರ ಯಾವ ಮನೆಯ ಜಗಲಿಯ ಫೋಟೊ ತೆಗೆಯಬಹುದು, ಯಾವುದರದು ಬೇಡ ಎಂದು ಆ ಮನೆಯವರನ್ನೇ ಕೇಳಿ ಬರೆಯಿರಿ. ಬುಕ್‌ಚೊನ್‌ನಲ್ಲಿ ಈ ಕೆಲಸ ಪ್ರವಾಸಿಗರು ತುಂಬಿದ ಮೇಲೆ ಆಯಿತು, ಅದಕ್ಕೇ ದಂಡ ಹಾಕುವ ಪ್ರಸಂಗ ಬಂತು.

ಚುಟುಕು ಉತ್ತರಗಳು

ಯಾವ ತಿಂಗಳು? ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭ. ಜೂನ್ ಕೊನೆಯಿಂದ ಜುಲೈ ಪೂರ್ತಿ ಅಲ್ಲಿಯೂ ಮಳೆಗಾಲ, ಮಳೆ ನಮಗೆ ಹೊಸದಲ್ಲ, ನುಣುಪು ಕಲ್ಲುಹಾಸಿನ ಇಳಿಜಾರು ಹೊಸದು. ಜನವರಿಯಲ್ಲಿ ಆ ಕಲ್ಲಿನ ಮೇಲೆ ಹಿಮ ಗಟ್ಟಿಯಾಗಿರುತ್ತದೆ.

ವೀಸಾ? ಭಾರತೀಯರು ಮೊದಲೇ ಮಾಡಿಸಬೇಕು. ಕೆ-ಇಟಿಎ ಎಂಬ ಆನ್‌ಲೈನ್ ಅನುಮತಿ ನಮ್ಮ ಪಾಸ್‌ಪೋರ್ಟಿಗೆ ಇಲ್ಲ. ಅದನ್ನು ಮಾಡಿಸಿಕೊಡುತ್ತೇವೆಂದು ಹಣ ಕೇಳುವ ವೆಬ್‌ಸೈಟುಗಳಿಂದ ದೂರವಿರಿ.

ಕಸ ಎಲ್ಲಿ ಹಾಕುವುದು? ಬೀದಿಯಲ್ಲಿ ಡಬ್ಬಿ ಸಿಗುವುದು ಅಪರೂಪ. ಒಂದು ಖಾಲಿ ಚೀಲ ಜೊತೆಗಿರಲಿ, ಮೆಟ್ರೊ ಸ್ಟೇಷನ್ನಿನಲ್ಲಿ ಹಾಕಿ.